ಬೀಯಮ್ಮನ ಬಾವಿ, ಹಕೀಮನ ಪೆನ್ನು

ಅಬ್ದುಲ್ ಹಕೀಮನ ಜೊತೆ ಕೂತು ಒಂದು ಲೋಟ ಚಹಾ ಪೂರ್ತಿ ಕುಡಿದವರು ಈ ಊರಿನಲ್ಲಿ ಯಾರಾದರೂ ಇದ್ದರೆ ನನಗೆ ತೋರಿಸಿ. ಅರ್ಧ ಲೋಟ ಆಗುವಾಗ ಅವನು ಎದ್ದು ಹೋಗಿರುತ್ತಾನೆ. ನಾನು ಧರ್ಣಪ್ಪ, ಪಂಪು ರಿಪೇರಿಯವ. ಬಿ.ಸಿ.ರೋಡಿನಿಂದ ಮಾಣಿ ಕಡೆಗೆ ಹೋಗುವಾಗ ಎಡಕ್ಕೆ ಒಂದು ಮಣ್ಣಿನ ರಸ್ತೆ ಸಿಗುತ್ತದೆ, ಅಲ್ಲಿ ನಮ್ಮ ಎರಡು ಮನೆಗಳು ಅಕ್ಕಪಕ್ಕ. ನಡುವೆ ಒಂದು ಬಾವಿ. ಬಾವಿ ಅವರದ್ದು, ನೀರು ನಾಲ್ಕು ಮನೆಗೆ. ಇಷ್ಟು ಹತ್ತಿರ ಇದ್ದ ತಪ್ಪಿಗೆ ಅವನು ಆರು ತಿಂಗಳು ನನ್ನ ತಲೆ ತಿಂದ. ಅದನ್ನು ಹೇಳುತ್ತೇನೆ. ಕೊನೆಗೆ ನಾನೂ ಒಂದು ತಪ್ಪು ಮಾಡಿದೆ, ಅದನ್ನೂ ಮುಚ್ಚಿಡುವುದಿಲ್ಲ.

ಹಕೀಂ ದುಬಾಯಿಯಲ್ಲಿ ಹನ್ನೊಂದು ವರ್ಷ ದೊಡ್ಡ ದೊಡ್ಡ ಕಟ್ಟಡಗಳ ಗಾಜು ತೊಳೆದವ. ಊರಿನಲ್ಲಿ ಯಾರೂ ಹಾಗೆ ಹೇಳುತ್ತಿರಲಿಲ್ಲ, 'ಕಂಪೆನಿಯಲ್ಲಿದ್ದಾನೆ' ಎನ್ನುತ್ತಿದ್ದರು. 2005ರ ನವೆಂಬರಿನಲ್ಲಿ ರಜೆಗೆ ಬಂದ. ಬಂದ ಮರುದಿನದಿಂದ ಎಲ್ಲರದ್ದೂ ಒಂದೇ ಪ್ರಶ್ನೆ: "ಇನ್ನು ಯಾವಾಗ ಹೋಗುದು?" ಗಲ್ಫಿನವರನ್ನು ನಾವು ಮಾತಾಡಿಸುವುದೇ ಹಾಗೆ, ಅದರಲ್ಲಿ ಕೆಟ್ಟ ಯೋಚನೆ ಏನಿಲ್ಲ. ಆದರೆ ಹಕೀಮನ ಮುಖ ಪ್ರತಿ ಸಲ ಸಣ್ಣದಾಗುತ್ತಿತ್ತು.

ಒಂದು ದಿನ ಬಾವಿಕಟ್ಟೆಯ ಹತ್ತಿರ ನನ್ನಲ್ಲಿ ಹೇಳಿದ, "ಧರ್ಣಪ್ಪಣ್ಣ, ನಾನು ಇನ್ನು ಹೋಗುದಿಲ್ಲ. ಬಾಪ ಹೋದಾಗ ನಾನು ಬಂದು ಮುಟ್ಟುವಾಗ ನಾಲ್ಕು ದಿನ. ಮಣ್ಣು ನೋಡಿದೆ, ಮುಖ ನೋಡ್ಲಿಲ್ಲ. ಉಮ್ಮನದ್ದೂ ಹಾಗೆ ಆಗಬಾರದು."

ಬಾಪ ಎಂದರೆ ಅವನ ಅಪ್ಪ ಹಾಜಬ್ಬ. ತೀರಿಹೋಗಿ ಮೂರು ವರ್ಷವಾಗಿತ್ತು. ಉಮ್ಮ ಎಂದರೆ ತಾಯಿ ಬೀಯಮ್ಮ. ಎಪ್ಪತ್ತು ಹತ್ತಿರವಾದರೂ ದಿನಕ್ಕೆ ಇಪ್ಪತ್ತು ಕೊಡ ನೀರು ಸೇದುವ ಹೆಂಗಸು. ಮಗನಿಗೆ 'ಇರು' ಎಂದವರಲ್ಲ, 'ಹೋಗು' ಎಂದವರೂ ಅಲ್ಲ. ಆದರೆ ಅವನು ಗೇಟು ದಾಟಿದ ಪ್ರತಿ ಸಲ ಬೀಯಮ್ಮ ಅಡುಗೆಮನೆಯ ಕಿಟಕಿಗೆ ಬರುವುದನ್ನು ನಾನು ನೋಡಿದ್ದೇನೆ.

ಇರುವುದಾದರೆ ಇಲ್ಲಿ ಒಂದು ಕೆಲಸ ಬೇಕಲ್ಲ. ಅದೂ ಬೇಗ ಬೇಕು. ಅಲ್ಲಿಯ ಕಾನೂನಿನ ಪ್ರಕಾರ ಹೊರಗೆ ಆರು ತಿಂಗಳು ದಾಟಿದರೆ ವೀಸಾ ಸತ್ತಿತು. ಅವನ ಆರು ತಿಂಗಳು ಮೇ ಹದಿನೆಂಟಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಕೆಲಸ ಹತ್ತಿದರೆ ಇಲ್ಲಿ, ಇಲ್ಲದಿದ್ದರೆ ಮತ್ತೆ ಅಲ್ಲಿ. ಹೆಂಡತಿ ರಶೀನಾ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಗುರುತು ಹಾಕಿದ್ದಳು. ಅವನು ದಿನಕ್ಕೆ ಹತ್ತು ಸಲ ಅದರ ಮುಂದೆ ಹೋಗಿ ನಿಲ್ಲುತ್ತಿದ್ದ.

ಅವನಿಗೆ ಬರುತ್ತಿದ್ದುದು ಗಾಜು ತೊಳೆಯುವ ಕೆಲಸ ಒಂದೇ. ಹಾಗಾಗಿ ಸ್ಕೂಟರ್ ಹತ್ತಿ ಊರೂರು ಸುತ್ತಿ ಗಾಜು ಎಣಿಸಿದ. ಬಂಟ್ವಾಳ ಪೇಟೆ, ಬೆಳ್ತಂಗಡಿ, ಮೂಡುಬಿದಿರೆ. ಬೆಳಿಗ್ಗೆ ಹೋದವನು ಬಿಸಿಲಿಗೆ ಕರಿಯಾಗಿ ಬಂದು ನನ್ನ ಜಗಲಿಯಲ್ಲಿ ವರದಿ ಒಪ್ಪಿಸುತ್ತಿದ್ದ: ಬೆಳ್ತಂಗಡಿಯಲ್ಲಿ ಮೂರು, ಮೂಡುಬಿದಿರೆಯಲ್ಲಿ ಆರು, ಅದರಲ್ಲಿ ಒಂದು ಇನ್ನೂ ಮುಗಿದಿಲ್ಲ. ಎಲ್ಲಕ್ಕಿಂತ ದೊಡ್ಡದು ಬಿ.ಸಿ.ರೋಡಿನಲ್ಲೇ ಇತ್ತು. ಬಸ್‌ಸ್ಟ್ಯಾಂಡಿನ ಎದುರು ಅಣ್ಣು ಶೆಟ್ರ ಹೊಸ ಲಾಡ್ಜು, ನಾಲ್ಕು ಮಾಳಿಗೆ, ಮುಂದಿನ ಭಾಗ ಪೂರ್ತಿ ಕಪ್ಪು ಗಾಜು. ಹೆದ್ದಾರಿಯ ಕೆಂಪು ಧೂಳು ಕೂತು ಅದು ಎಮ್ಮೆಯ ಬೆನ್ನಿನ ಹಾಗೆ ಕಾಣುತ್ತಿತ್ತು.

"ಶೆಟ್ರ ಲಾಡ್ಜು ಸಿಕ್ಕಿದ್ರೆ ಉಳಿದವರು ತಾವಾಗಿ ಕರೀತಾರೆ" ಎಂದ.

"ಸೋಪಿನ ನೀರು, ಹಳೇ ಪೇಪರು. ಅದಕ್ಕೆ ನೀನೇ ಆಗಬೇಕಾ ಮಾರಾಯ?" ಎಂದು ಕೇಳಿದೆ.

ಕೇಳಬಾರದಿತ್ತು. ಒಂದು ಗಂಟೆ ಪಾಠ ಮಾಡಿದ. ನೀರಿನಲ್ಲಿ ಕಣ್ಣಿಗೆ ಕಾಣದ ಹಾಗೆ ಏನೇನೋ ಕರಗಿರುತ್ತದಂತೆ. ನೀರು ಆರಿದ ಮೇಲೆ ಅದು ಗಾಜಿನಲ್ಲಿ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ, ಅದಕ್ಕೇ ಒರೆಸಬೇಕಾಗುವುದು. ಏನೂ ಕರಗಿರದ ನೀರಾದರೆ ಒರೆಸುವುದೇ ಬೇಡ. ಉದ್ದ ಕೋಲಿನ ತುದಿಗೆ ಬ್ರಷ್, ಬ್ರಷ್‌ಗೆ ಪೈಪಿನಲ್ಲಿ ನೀರು, ನೆಲದಲ್ಲಿ ನಿಂತು ನಾಲ್ಕು ಮಾಳಿಗೆ ಉಜ್ಜಿ ಬಿಟ್ಟರೆ ಆಯಿತು, ಗಾಜು ತಾನಾಗಿ ಆರಿ ಹೊಳೆಯುತ್ತದೆ. ಏಣಿ ಇಲ್ಲ, ಹಗ್ಗ ಇಲ್ಲ. ಆದರೆ ಅಂಥ ನೀರನ್ನು ಮನೆಯಲ್ಲೇ ತಯಾರು ಮಾಡಬೇಕು.

ತಯಾರು ಮಾಡುವ ಸಾಮಾನು ಕಟ್ಟಿಗೆ ಕೊಟ್ಟಿಗೆಯಲ್ಲಿ ಕೂತಿತು. ಬಾವಿಯಿಂದ ಪಂಪು, ಪಂಪಿನಿಂದ ಕೆಸರು ಸೋಸುವ ಎರಡು ಬಿಳಿ ಡಬ್ಬಿ, ಅಲ್ಲಿಂದ ಮೆಂಬ್ರೇನ್ ಎಂಬ ಒಂದು ಸುರುಳಿ. ಕರಗಿದ್ದನ್ನು ತಡೆಯುವುದು ಆ ಸುರುಳಿ. ಅದನ್ನೂ ದಾಟಿ ಬಂದ ಚೂರುಪಾರನ್ನು ಹಿಡಿಯಲು ಜೋಳದ ರವೆಯ ಹಾಗಿನ ರೆಸಿನ್ ತುಂಬಿದ ಒಂದು ಉದ್ದ ಬಾಟಲಿ. ಕೊನೆಗೆ ನೀಲಿ ಡ್ರಮ್ಮು. ಪೈಪು ಜೋಡಿಸಿದವನು ನಾನು. ಒಂದು ಸಲ ಜೋಡಿಸಿದೆ. ಬೆಳಿಗ್ಗೆ ಬಂದು ನೋಡಿದರೆ ಅವನೇ ಎಲ್ಲ ಬಿಚ್ಚಿ ಅಂಗಳದಲ್ಲಿ ಹರಡಿದ್ದ. ಹೀಗೆ ಮೂರು ಸಲ. ನನಗೆ ಪಿತ್ತ ನೆತ್ತಿಗೇರಿತು. "ನಿನ್ನದು ಪೈಪಿನ ತೊಂದರೆ ಅಲ್ಲ, ತಲೆಬಿಸಿ. ಅದಕ್ಕೆ ನನ್ನಲ್ಲಿ ಸ್ಪಾನರ್ ಇಲ್ಲ" ಎಂದೆ. ನಕ್ಕ, ನಗುತ್ತಲೇ ನಾಲ್ಕನೆಯ ಸಲ ಬಿಚ್ಚಿದ.

ಒಂದು ಕೊಡ ಒಳ್ಳೆಯ ನೀರಿಗೆ ಮೂರು ಕೊಡ ಹೊರಗೆ ಹೋಗುತ್ತಿತ್ತು. ಬೀಯಮ್ಮ ಹಾಗೆ ಹೊರಗೆ ಹೋಗುವ ನೀರಿನ ಪೈಪನ್ನು ಬಸಳೆ ಚಪ್ಪರದ ಬುಡಕ್ಕೆ ತಿರುಗಿಸಿದರು.

ಇನ್ನು ಅವನ ಪೆನ್ನು. ಬರೆಯುವ ಪೆನ್ನಲ್ಲ. ದುಬಾಯಿಯಿಂದ ತಂದದ್ದು, ನೀರಿಗೆ ಅದ್ದಿದರೆ ಅದರಲ್ಲಿ ಎಷ್ಟು ಕರಗಿದೆ ಎಂದು ಅಂಕೆ ತೋರಿಸುತ್ತದೆ. ನಮ್ಮ ಬಾವಿಯದ್ದು ಐವತ್ತೆಂಟು. ಡ್ರಮ್ಮಿನದ್ದು ಸೊನ್ನೆ. ಹಕೀಂ ಅದನ್ನು ಕಿಸೆಯಲ್ಲಿಟ್ಟುಕೊಂಡು ಕಂಡಕಂಡದ್ದಕ್ಕೆಲ್ಲ ಅದ್ದಿದ. ಬೊಂಡದ ಎಳನೀರಿಗೆ ಅದ್ದಿದ. ಹೋಟೆಲಿನ ಚಹಾಕ್ಕೆ ಅದ್ದಿದ. ನನ್ನ ಹೆಂಡತಿ ಸೇಸಮ್ಮನ ಸಾರಿಗೂ ಅದ್ದಿದಾಗ ಅವಳು, "ನೀನು ಊಟಕ್ಕೆ ಬಂದದ್ದಾ, ಇಂಜೆಕ್ಷನ್ ಕೊಡ್ಲಿಕ್ಕೆ ಬಂದದ್ದಾ?" ಎಂದಳು. ಅವರ ಮನೆಯ ಕಿಟಕಿಗಳಿಗೆಲ್ಲ ಮರದ ಬಾಗಿಲು, ಗಾಜಿಲ್ಲ. ಹಾಗಾಗಿ ಪರೀಕ್ಷೆಗೆ ನಮ್ಮ ಕಪಾಟಿನ ಕನ್ನಡಿಯೇ ಬೇಕು. ಬಿ.ಸಿ.ರೋಡಿನಲ್ಲಿ ನಿಲ್ಲಿಸಿದ್ದ ಬಸ್ಸಿನ ಮುಂದಿನ ಗಾಜಿಗೂ ಒಂದು ದಿನ ನೀರು ಹೊಡೆದು ಡ್ರೈವರನಿಂದ ಬೈಸಿಕೊಂಡು ಬಂದ.

ಏಪ್ರಿಲ್ ಬಂತು. ಶೆಟ್ರು ತಿಂಗಳ ಕೊನೆಯ ಭಾನುವಾರ ತೋರಿಸಲು ಹೇಳಿದ್ದರು. ಅದಕ್ಕೆ ಹತ್ತು ದಿನ ಮೊದಲು ರಶೀನಾಳ ಕಡೆಯ ನೆಂಟರು ಬಂದಿದ್ದರು. ಹಕೀಂ ಅವರ ಮುಂದೆ ಕನ್ನಡಿ ಇಟ್ಟು ಎರಡು ಹನಿ ನೀರು ಬಿಟ್ಟ. ಆರಿದ ಮೇಲೆ ಒಂದು ಕಡೆ ಮಾತ್ರ ಕಲೆ.

"ಇದು ನಮ್ಮ ಬಾವಿ ನೀರು, ಶುದ್ಧ ಅಲ್ಲ. ಇದು ನಾನು ಮಾಡಿದ್ದು. ಇದು ಶುದ್ಧ" ಎಂದ.

ಬೀಯಮ್ಮ ಬಾಗಿಲಲ್ಲಿ ಪತ್ತಿರ್ ರೊಟ್ಟಿಯ ತಟ್ಟೆ ಹಿಡಿದು ನಿಂತಿದ್ದರು. ತಟ್ಟೆ ಇಟ್ಟು ಒಳಗೆ ಹೋದರು. ಹಕೀಂ ನೋಡಲಿಲ್ಲ, ಅವನು ಆಗಲೇ ಎದ್ದು ಡ್ರಮ್ಮಿನ ಕಡೆಗೆ ಓಡಿದ್ದ.

ಆ ಬಾವಿಯ ಸಂಗತಿ ಹೇಳಬೇಕು. ಹದಿನಾಲ್ಕು ಕೋಲು ಆಳ, ಎಂದರೆ ಮೂವತ್ತೈದು ಅಡಿಯ ಹತ್ತಿರ. ತೋಡಿದ್ದು ಹಾಜಬ್ಬ, ಜೊತೆಗೆ ನನ್ನ ಅಪ್ಪ. ಬೀಯಮ್ಮ ಮೇಲೆ ನಿಂತು ಮಣ್ಣಿನ ಬುಟ್ಟಿ ಎಳೆದವರು. ಎಂಟನೆಯ ಕೋಲಿಗೆ ಬಂಡೆ ಸಿಕ್ಕಿ ಊರಿನವರೆಲ್ಲ ಬಿಡಿ ಬಿಡಿ ಎಂದಾಗ ಬಿಡದೆ ಎಳೆದವರು. ಎರಡು ದಿನ ಕಳೆದು ನಾನು ಪಂಪು ನೋಡಲು ಹೋದಾಗ ಅವರು ಬಾವಿಕಟ್ಟೆಗೆ ಒರಗಿ ಕೂತಿದ್ದರು.

"ಧರ್ಣಪ್ಪ, ಇವನ ಬಾಪನ ಮಯ್ಯತ್ತಿಗೆ ಕೊನೆಯ ಸ್ನಾನ ಮಾಡಿಸಿದ್ದು ಈ ನೀರಿನಲ್ಲಿ. ಐದು ಹೊತ್ತು ನಾನು ಕೈಕಾಲು ಮುಖ ತೊಳೆದು ನಮಾಜಿಗೆ ನಿಲ್ಲುದು ಈ ನೀರಿನಲ್ಲಿ. ಈಗ ಶುದ್ಧ ಅಲ್ಲವಂತೆ."

"ಅವನು ಹೇಳಿದ್ದು ಗಾಜಿನ ಶುದ್ಧ ಅಕ್ಕ, ಬೇರೆ" ಎಂದೆ.

"ಶುದ್ಧದಲ್ಲಿ ಎಷ್ಟು ಜಾತಿ ಉಂಟು?" ಎಂದು ಕೇಳಿದರು. ನಾನು ಪಂಪಿನ ಮುಚ್ಚಳ ಬಿಚ್ಚತೊಡಗಿದೆ.

ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ನಮ್ಮಲ್ಲಿ ಬಾವಿಯ ಕೆಸರು ತೆಗೆಯುವುದುಂಟು. ತೆಗೆದ ಮೇಲೆ ನೀರು ಶುದ್ಧವಾಗಲಿ ಎಂದು ಒಂದು ಸೇರು ಕಲ್ಲುಪ್ಪು, ಒಂದು ಬೊಗಸೆ ಸುಣ್ಣ ಹಾಕುತ್ತೇವೆ. ಅಜ್ಜಂದಿರ ಕಾಲದಿಂದ ಹಾಗೆಯೇ. ಪಂಚಾಯತಿನವರ ಬ್ಲೀಚಿಂಗ್ ಪೌಡರು ಬೀಯಮ್ಮನಿಗೆ ಆಗದು, ವಾಸನೆಯಂತೆ. ಹಕೀಂ ಉದ್ದ ಕೋಲಿನ ಬ್ರಷ್ ತರಲು ಕೋಝಿಕ್ಕೋಡಿಗೆ ಹೋದ ದಿನ ಅವರು ನನ್ನನ್ನು ಕರೆದರು. ನಾನು ಇಳಿದೆ, ಕೆಸರು ತೆಗೆದೆ, ಗೋಡೆಯ ಪಾಚಿ ಕೆರೆದೆ. ಮೇಲಿನಿಂದ ಬುಟ್ಟಿಯಲ್ಲಿ ಉಪ್ಪು ಬಂತು. ಒಂದು ಸೇರಲ್ಲ, ಆರು ಸೇರು. ಸುಣ್ಣ ಒಂದು ಬಕೆಟು.

"ಇಷ್ಟು ಎಂತಕ್ಕೆ?" ಎಂದು ಒಳಗಿನಿಂದ ಕೂಗಿದೆ.

"ಶುದ್ಧ ಆದದ್ದು ಅವನ ಪೆನ್ನಿಗೆ ಕಾಣಬೇಕಲ್ಲ. ಕಲಸು" ಎಂದರು. "ನೀನು ಅವನಿಗೆ ಹೇಳಬೇಡ. ಅವನೇ ಅದ್ದಿ ನೋಡಿ ಬಾಯಿ ಬಿಡಲಿ."

ನಾನು ಕಲಸಿದೆ. ಎರಡು ಕೈಯಲ್ಲಿ, ಚೆನ್ನಾಗಿ. ಪಂಪಿನ ಮೇಲೆ ಮೂವತ್ತು ವರ್ಷ ಕೈ ಇಟ್ಟವನು, ಅವನ ಪಾಠವನ್ನೂ ಒಂದು ಗಂಟೆ ಕೇಳಿದವನು, ಉಪ್ಪು ನೀರಿನಲ್ಲಿ ಕರಗುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ನಮಗೆ ಉಪ್ಪು ಎಂದರೆ ಶುದ್ಧ ಮಾಡುವ ವಸ್ತು, ಅಷ್ಟೇ.

ಶುಕ್ರವಾರ ಹಕೀಂ ಬಂದ. ಕೆಸರಿನ ರಾಶಿ ನೋಡಿ, "ಬಾವಿ ತೆಗೆಸಿದ್ದಾ? ಒಳ್ಳೇದಾಯ್ತು" ಎಂದ. ಹನ್ನೊಂದು ವರ್ಷ ಊರಿನ ಬೇಸಗೆ ಕಾಣದವನಿಗೆ ಉಪ್ಪಿನ ನೆನಪು ಎಲ್ಲಿಂದ ಬರಬೇಕು? ಡ್ರಮ್ಮು ಖಾಲಿ ಮಾಡಿ ಹೊಸದಾಗಿ ತುಂಬಲು ಇಟ್ಟ. ಮೊದಲ ನೀರಿಗೆ ಪೆನ್ನು ಅದ್ದಿದ, ಸೊನ್ನೆ. ರೆಸಿನ್ ಹೊಸದಿತ್ತು, ಸ್ವಲ್ಪ ಹೊತ್ತು ಎಲ್ಲವನ್ನೂ ಹಿಡಿದಿಟ್ಟುಕೊಂಡಿತು. ಆಮೇಲೆ ಅದರ ಹೊಟ್ಟೆ ತುಂಬಿ ಬಂದದ್ದನ್ನು ಹಾಗೆಯೇ ಬಿಡತೊಡಗಿತು. ಎಲ್ಲದಕ್ಕೂ ಪೆನ್ನು ಅದ್ದುತ್ತಿದ್ದ ಮನುಷ್ಯ ಆ ಭಾನುವಾರ ಬೆಳಿಗ್ಗೆ ಮಾತ್ರ ಡ್ರಮ್ಮಿಗೆ ಅದ್ದಲಿಲ್ಲ. ಅಂಗಿ ಮೂರು ಸಲ ಬದಲಿಸುವುದರಲ್ಲಿ ಹೊತ್ತು ಹೋಗಿತ್ತು.

ಶೆಟ್ರು, ಅವರ ಮ್ಯಾನೇಜರು, ಬಸ್‌ಸ್ಟ್ಯಾಂಡಿನ ಅರ್ಧ ಜನ ನೋಡಲು ನಿಂತಿದ್ದರು. ಹಕೀಮನ ಕೋಲು ನಾಲ್ಕನೆಯ ಮಾಳಿಗೆಗೆ ಏರಿತು. ಕೆಂಪು ಧೂಳು ಇಳಿದು ಕಪ್ಪು ಗಾಜು ಹೊರಗೆ ಬಂದಾಗ ಜನ 'ಹೋ' ಎಂದರು. ನನಗೂ ಹೆಮ್ಮೆಯಾಯಿತು, ಪೈಪು ನನ್ನದಲ್ಲವೇ.

"ಇದು ಯಾವ ನೀರು?" ಎಂದು ಶೆಟ್ರು ಕೇಳಿದರು.

"ಸಾದಾ ಬಾವಿ ನೀರಲ್ಲ ಶೆಟ್ರೇ. ಮೆಷಿನಿನ ಶುದ್ಧ ನೀರು. ಒರೆಸ್ಲಿಕ್ಕೆ ಇಲ್ಲ, ತಾನಾಗಿ ಆರ್ತದೆ."

ಆರಿತು. ಮೇಲಿನಿಂದ ಕೆಳಗೆ ಆರುತ್ತಾ ಬಂದ ಹಾಗೆ ಗಾಜಿನಲ್ಲಿ ಬಿಳಿ ಚುಕ್ಕೆ ಎದ್ದಿತು. ಒಂದಲ್ಲ, ಎರಡಲ್ಲ, ಇಡೀ ಗಾಜಿಗೆ ಸಿಡುಬು ಎದ್ದ ಹಾಗೆ. ಹಕೀಂ ಅತ್ತಿಂದಿತ್ತ ನಡೆದ, ಮತ್ತೆ ನೀರು ಹಾಕಿದ, ಮತ್ತೆ ಎದ್ದಿತು. ಯಾರೋ ಹಿಂದಿನಿಂದ ನಕ್ಕರು. ಶೆಟ್ರು ಒಳ್ಳೆಯ ಮನುಷ್ಯ, ಬೈಯಲಿಲ್ಲ. "ನಮ್ಮ ಹುಡುಗರು ಸೋಪು ಹಾಕಿ ತೊಳೀತಾರೆ ಮಾರಾಯ, ಬಿಡು" ಎಂದು ಒಳಗೆ ಹೋದರು.

ಮನೆಗೆ ಬಂದವನೇ ಪೆನ್ನು ಹಿಡಿದು ಓಡಿದ. ಡ್ರಮ್ಮಿನಲ್ಲಿ ನಲವತ್ತಾರು. ಬಾವಿಯ ಕೊಡಕ್ಕೆ ಅದ್ದಿದ. ಏಳುನೂರ ಹತ್ತು. ಪೆನ್ನು ಹಾಳಾಯಿತೆಂದು ಝಾಡಿಸಿ ಮತ್ತೆ ಅದ್ದಿದ. ಅಷ್ಟೇ ತೋರಿಸಿತು. ನೀರು ಬಾಯಿಗೆ ಹಾಕಿ ನಿಂತ.

"ಉಮ್ಮ, ಬಾವಿಗೆ ಎಂತ ಹಾಕಿದ್ದು?"

"ಉಪ್ಪು, ಸುಣ್ಣ. ಶುದ್ಧ ಮಾಡಿಸಿದ್ದು" ಎಂದು ಬೀಯಮ್ಮ ಮುಖ ಅರಳಿಸಿ ಹೇಳಿದರು. "ಈಗ ಎಷ್ಟು ತೋರಿಸ್ತದೆ?"

ಅವನು ಬೊಬ್ಬೆ ಹೊಡೆಯಲಿಲ್ಲ. ಹೊಡೆದಿದ್ದರೆ ನನಗೆ ಸುಲಭವಾಗುತ್ತಿತ್ತು. "ನನ್ನನ್ನು ಕಳಿಸ್ಲಿಕ್ಕೆ ನಿನಗೆ ಇಷ್ಟು ಅರ್ಜೆಂಟಾ ಉಮ್ಮ?" ಎಂದು ಹೇಳಿ ಒಳಗೆ ಹೋದ. ಸಂಜೆಯೇ ಬಿ.ಸಿ.ರೋಡಿನಲ್ಲಿ ಟಿಕೆಟು ಮಾಡಿಸಿದ. ಮೇ ಹದಿನಾಲ್ಕಕ್ಕೆ ಮಧ್ಯಾಹ್ನ ಮೂರು ಗಂಟೆಗೆ ಪುತ್ತೂರಿನಿಂದ ಬರುವ ಮುಂಬಯಿ ಬಸ್ಸು, ಅಲ್ಲಿಂದ ವಿಮಾನ.

ಬೀಯಮ್ಮನಿಗೆ ಸಂಗತಿಯನ್ನು ರಶೀನಾ ಬಿಡಿಸಿ ಹೇಳಿದಳು. ಅವರು ಎರಡು ದಿನ ಸರಿಯಾಗಿ ಅನ್ನ ಉಣ್ಣಲಿಲ್ಲ. ನನಗೆ ನನ್ನ ಮೇಲೆಯೇ ಸಿಟ್ಟು. ಸೇಸಮ್ಮ ಬೇರೆ, "ಗಂಜಿಗೆ ಉಪ್ಪು ಹಾಕುವ ಕೆಲಸವನ್ನೂ ನೀವೇ ಮುಗಿಸಿದಿರಿ" ಎಂದು ಚುಚ್ಚುತ್ತಿದ್ದಳು. ಮೂರನೆಯ ಬೆಳಿಗ್ಗೆ ಬೀಯಮ್ಮ ನಮ್ಮ ಅಂಗಳಕ್ಕೆ ಬಂದು ನಿಂತರು.

"ನಿನ್ನ ದೊಡ್ಡ ಪಂಪು ತಾ. ಬಾವಿ ಖಾಲಿ ಮಾಡುವ."

"ಮೇ ತಿಂಗಳು ಅಕ್ಕ. ನಾಲ್ಕು ಮನೆ ಉಂಟು. ಒರತೆ ಬಾರದಿದ್ರೆ?"

"ಉಳಿದ ಮನೆಗೆಲ್ಲ ಹೋಗಿ ಕೇಳಿ ಬಂದಿದ್ದೇನೆ. ಶಾಲೆಯ ಬಾವಿಯಿಂದ ತರ್ತಾರಂತೆ. ನಾನೂ ತರ್ತೇನೆ. ನೀನು ಪಂಪು ತಾ."

ಒಂದು ಚೊಂಬು ನೀರು ಚೆಲ್ಲಿದರೆ ಮಕ್ಕಳಿಗೆ ಬೈಯುವ ಹೆಂಗಸು ಹದಿನಾಲ್ಕು ಕೋಲು ಬಾವಿಯ ನೀರನ್ನು ತೆಂಗಿನ ಬುಡಕ್ಕೆ ಬಿಡಿಸಿದರು. ಬಂಡೆ ಕಂಡಿತು. ನಾನು ಇಳಿದು ಗೋಡೆ ತೊಳೆದೆ. ಒರತೆಯ ನೀರು ಬೆರಳಿನಷ್ಟು ದಪ್ಪ ಬರುತ್ತಿತ್ತು. ಎರಡು ದಿನ ತುಂಬಲು ಬಿಟ್ಟು ಮತ್ತೆ ಖಾಲಿ ಮಾಡಿದೆವು. ಹಕೀಂ ಮೊದಲ ದಿನ ಹೊರಗೆ ಬರಲಿಲ್ಲ. ಎರಡನೆಯ ಸಲಕ್ಕೆ ಲುಂಗಿ ಕಟ್ಟಿ ನನ್ನ ಜೊತೆ ಬಾವಿಗಿಳಿದ. ಕೆಳಗೆ ಹಾಜಬ್ಬನ ಹಾರೆಯ ಗುರುತು ಬಂಡೆಯಲ್ಲಿ ಹಾಗೆಯೇ ಇತ್ತು. ಅವನು ಅದರ ಮೇಲೆ ಕೈಯಿಟ್ಟು ನಿಂತ. ನಾನು ಬೇರೆ ಕಡೆ ನೋಡಿದೆ.

ಹದಿಮೂರನೆಯ ತಾರೀಕು ಬೆಳಿಗ್ಗೆ ಬೀಯಮ್ಮ ಒಂದು ಕೊಡ ಸೇದಿ ಮಗನ ಮುಂದೆ ಇಟ್ಟರು. "ಅದ್ದು."

"ಐವತ್ತನಾಲ್ಕು" ಎಂದ.

"ಮೊದಲು ಐವತ್ತೆಂಟು ಇತ್ತಲ್ವಾ? ಹಾಗಾದ್ರೆ ನನ್ನ ಬಾವಿ ಚಂದ ಉಂಟು" ಎಂದು ಕೊಡ ಎತ್ತಿಕೊಂಡು ಒಳಗೆ ಹೋದರು.

ರೆಸಿನಿನ ಒಂದೇ ಪೊಟ್ಟಣ ಉಳಿದಿತ್ತು. ಅದನ್ನು ಬಾಟಲಿಗೆ ತುಂಬಿ ಮತ್ತೆ ಡ್ರಮ್ಮಿಗೆ ನೀರು ಬಿಟ್ಟ. ನಾನು ಅವನಿಗೆ ಹೇಳದೆ ಶೆಟ್ರಲ್ಲಿಗೆ ಹೋದೆ. ಅವರ ಲಾಡ್ಜಿನ ಪಂಪು ನೋಡುವವನು ನಾನೇ.

"ಶೆಟ್ರೇ, ಅವನದ್ದು ತಪ್ಪಿಲ್ಲ. ಬಾವಿಗೆ ಆರು ಸೇರು ಉಪ್ಪು ಕಲಸಿದ ದೊಡ್ಡ ಮನುಷ್ಯ ನಾನು. ಇನ್ನೊಂದು ಸಲ ನೋಡಿ."

ಶೆಟ್ರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ, "ಒಂದು ಗ್ಲಾಸು ಮಾತ್ರ. ಬದಿಯದ್ದು. ನಾಳೆ ಮಧ್ಯಾಹ್ನ" ಎಂದರು.

ನಾಳೆ ಎಂದರೆ ಹದಿನಾಲ್ಕು. ಮಧ್ಯಾಹ್ನದ ನಮಾಜು ಮುಗಿಸಿ ಹಕೀಂ ರಿಕ್ಷಾದಲ್ಲಿ ಡ್ರಮ್ಮು, ಕೋಲು, ಮುಂಬಯಿಯ ಬ್ಯಾಗು ಮೂರನ್ನೂ ತಂದ. ಬೀಯಮ್ಮ ಇನ್ನೊಂದು ರಿಕ್ಷಾದಲ್ಲಿ ನನ್ನ ಜೊತೆ ಬಂದರು. ಲಾಡ್ಜಿನ ಮೆಟ್ಟಿಲ ಹತ್ತಿರ ಕೊಡೆ ಬಿಡಿಸಿ ನಿಂತರು. ಈ ಸಲ ಅವನು ಡ್ರಮ್ಮಿಗೆ ನಾಲ್ಕು ಸಲ ಪೆನ್ನು ಅದ್ದಿದ. ಬದಿಯ ಗಾಜು ಉಜ್ಜಿದ. ಆಮೇಲೆ ಕಾಯಬೇಕು. ಅವನು ನಡೆದ, ಗಾಜು ನೋಡಿದ, ಬಸ್‌ಸ್ಟ್ಯಾಂಡಿನ ಗಡಿಯಾರ ನೋಡಿದ, ಮತ್ತೆ ನಡೆದ.

ಮೇಲಿನ ಅಂಚು ಆರಿತು. ನಡು ಆರಿತು. ಕೆಳಗಿನ ಮೂಲೆಯ ಕೊನೆಯ ಹನಿ ಆರಿತು. ಗಾಜಿನಲ್ಲಿ ಎದುರಿನ ಬಸ್ಸಿನ ಬೋರ್ಡು ಓದಲು ಬರುತ್ತಿತ್ತು. ಒಂದು ಚುಕ್ಕೆ ಇಲ್ಲ. ಶೆಟ್ರು ಹತ್ತಿರ ಹೋಗಿ ಬೆರಳಾಡಿಸಿದರು, ಬಗ್ಗಿ ಬೆಳಕಿಗೆ ನೋಡಿದರು.

"ಯಾವ ನೀರು ಮಾರಾಯ ಇದು?"

ಹಕೀಂ ಬಾಯಿ ತೆರೆದವನು ನಿಲ್ಲಿಸಿದ. ತಾಯಿಯ ಕಡೆಗೆ ತಿರುಗಿದ.

"ನಮ್ಮ ಬಾವಿಯದ್ದು ಶೆಟ್ರೇ. ಬಾಪ ತೋಡಿದ್ದು."

"ಹದಿನಾಲ್ಕು ಕೋಲು" ಎಂದು ಬೀಯಮ್ಮ ಕೊಡೆಯ ಕೆಳಗಿನಿಂದ ಸೇರಿಸಿದರು. ಅವರ ಕಣ್ಣು ತುಂಬಿತ್ತು.

ಶೆಟ್ರು ಮ್ಯಾನೇಜರನಿಗೆ, "ಉಳಿದ ಗ್ಲಾಸೂ ಇವನೇ ತೊಳೀಲಿ" ಎಂದು ಹೇಳಿ, ನಮಗೆಲ್ಲ ಚಹಾ ತರಿಸಿದರು. ಹಕೀಂ ಲೋಟ ಹಿಡಿದು ಮೆಟ್ಟಿಲಲ್ಲಿ ಕೂತ, ಪಕ್ಕದಲ್ಲಿ ಬ್ಯಾಗು. ಅಷ್ಟರಲ್ಲಿ ಮುಂಬಯಿ ಬಸ್ಸು ಬಂದು ಎದುರೇ ನಿಂತಿತು. ಕಂಡಕ್ಟರ್ ಬಾಗಿಲು ಬಡಿದು ಕೂಗಿದ. ಹಕೀಂ ಅರ್ಧ ಲೋಟ ಚಹಾ ಮೆಟ್ಟಿಲ ಮೇಲಿಟ್ಟು ಎದ್ದ. ಬೀಯಮ್ಮ ಕೊಡೆ ಮಡಚಿದರು.

ಅವನು ಕೋಲು ಎತ್ತಿಕೊಂಡು ಎರಡನೆಯ ಗಾಜಿಗೆ ಹೋದ. ಬಸ್ಸು ಎರಡು ಸಲ ಹಾರ್ನ್ ಹೊಡೆದು ಹೊರಟಿತು. ಮೆಟ್ಟಿಲ ಮೇಲೆ ಉಳಿದಿದ್ದ ಅರ್ಧ ಚಹಾವನ್ನು ಬೀಯಮ್ಮ ಕೂತು ನಿಧಾನವಾಗಿ ಕುಡಿದರು.